ಗಾದೆ ಹಿಗ್ಗಿಸಲು ಕಲಿತ ಮಕ್ಕಳು

ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ವರ್ಷಗಳಿಂದ ಜಾಗ ಬಿಡದೆ ಕೂತಿರುವ ಪ್ರಶ್ನೆಯೊಂದಿದೆ. ಒಂದೆರಡು ಗಾದೆ ಕೊಟ್ಟು, ಯಾವುದಾದರೊಂದನ್ನು ವಿಸ್ತರಿಸಿ ಬರೆಯಿರಿ ಎನ್ನುತ್ತಾರೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಮಾತು ವಿದ್ಯಾರ್ಥಿಯ ಮುಂದೆ ಬಂತೆಂದುಕೊಳ್ಳಿ. ಗದ್ದೆಯ ದುಡಿಮೆ, ಅದರ ಫಲ, ಕಿವಿಗೆ ಹಿತವಾಗುವ ಪ್ರಾಸ, ಎಲ್ಲವೂ ನಾಲ್ಕು ಪದಗಳಲ್ಲಿ ಮುಗಿದಿದೆ. ವಿದ್ಯಾರ್ಥಿ ಅದನ್ನು ಅರ್ಧ ಪುಟಕ್ಕೆ ಎಳೆಯಬೇಕು. ಗೈಡುಗಳು ಅದಕ್ಕೊಂದು ಸಿದ್ಧ ಅಚ್ಚನ್ನೇ ಕೊಟ್ಟಿವೆ: ಗಾದೆಗಳು ವೇದಗಳಿಗೆ ಸಮ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆಗಳು ಹಿರಿಯರ ಅನುಭವದ ನುಡಿಮುತ್ತುಗಳು, ಪ್ರಸ್ತುತ ಗಾದೆಯು ಅಂತಹ ಪ್ರಸಿದ್ಧ ಗಾದೆಗಳಲ್ಲಿ ಒಂದು. ಈ ಸಾಲುಗಳನ್ನು ಯಾವ ಗಾದೆಯ ಮುಂದೆ ಬೇಕಾದರೂ ಇಡಬಹುದು. ಯಾವ ಗಾದೆಯ ಬಗೆಗೂ ಅವು ಏನನ್ನೂ ಹೇಳುವುದಿಲ್ಲ. ಹದಿನೈದು ಹದಿನಾರರ ವಯಸ್ಸಿನಲ್ಲಿ ಬರವಣಿಗೆಯ ಬಗ್ಗೆ ಮನಸ್ಸಿನಲ್ಲಿ ಊರುವ ಪಾಠ ಇದು: ವಿಷಯ ಹೇಳುವುದಕ್ಕೆ ಮೊದಲು ಜಾಗ ತುಂಬಿಸಬೇಕು.

ಈಗಿನ ಮಕ್ಕಳಿಗೆ ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುವುದಿಲ್ಲ ಎಂಬ ದೂರು ಮೇಷ್ಟ್ರುಗಳ ಕೊಠಡಿಯಿಂದ ಹಿಡಿದು ಕಚೇರಿಗಳವರೆಗೆ ಕೇಳಿಬರುತ್ತದೆ. ದೂರಿನಲ್ಲಿ ನಿಜವಿದೆ, ಆದರೆ ಅದು ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಮೈಸೂರು ಸೀಮೆಯ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಯಾವ ಊರಿನಲ್ಲಾದರೂ ಹತ್ತನೇ ತರಗತಿಯ ಮಗುವನ್ನು ಮಾತಿಗೆಳೆದು ನೋಡಿ. ನಾಲೆಯಲ್ಲಿ ನೀರು ಯಾವಾಗ ಬಿಟ್ಟರು, ಯಾರ ಗದ್ದೆಗೆ ಹತ್ತಲಿಲ್ಲ, ಏಕೆ ಹತ್ತಲಿಲ್ಲ ಎಂಬುದನ್ನು ಅದು ಮೂರು ಮಾತಿನಲ್ಲಿ ಹೇಳುತ್ತದೆ. ಅದೇ ಮಗುವಿನ ಕೈಗೆ ಪೆನ್ನು ಕೊಟ್ಟು ‘ನೀರಾವರಿ’ ಎಂದು ತಲೆಬರಹ ಹಾಕಿದರೆ, ಭಾರತವು ಕೃಷಿ ಪ್ರಧಾನ ದೇಶವಾಗಿದೆ ಎಂದು ಶುರುಮಾಡುತ್ತದೆ. ಸ್ಪಷ್ಟತೆ ಆ ಮಗುವಿಗೆ ಗೊತ್ತಿಲ್ಲದ್ದೇನಲ್ಲ, ಬರಹಕ್ಕೆ ಬಂದಾಗ ಅದನ್ನು ಬಿಟ್ಟುಬಿಡಬೇಕೆಂದು ನಾವು ಕಲಿಸಿದ್ದೇವೆ. ಹಾಗಾಗಿ ಚಿಕ್ಕದಾಗಿ, ತಿಳಿಯಾಗಿ ಬರೆಯುವುದನ್ನು ಕಲಿಸುವುದೆಂದರೆ ಹೊಸ ವಿದ್ಯೆ ತುಂಬುವುದಕ್ಕಿಂತ ಹೆಚ್ಚಾಗಿ, ಮಾತಿನಲ್ಲಿ ಆಗಲೇ ಇರುವ ಖಚಿತತೆಗೆ ಬರಹದಲ್ಲಿ ದಾರಿ ಮಾಡಿಕೊಡುವುದು.

ಒಂದು ಪತ್ರವನ್ನೇ ಹತ್ತಿರದಿಂದ ನೋಡೋಣ. ಚಿಕ್ಕಯ್ಯನಛತ್ರ ಹೋಬಳಿಯ ಒಂದು ಊರಿನ ವಿದ್ಯಾರ್ಥಿಗಳು ಬೆಳಗಿನ ಬಸ್ಸಿನ ಸಮಯ ಬದಲಿಸುವಂತೆ ನಂಜನಗೂಡಿನ ಸಾರಿಗೆ ಘಟಕಕ್ಕೆ ಮನವಿ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಶಾಲೆಯಲ್ಲಿ ಕಲಿತ ರೀತಿಯಲ್ಲೇ ಬರೆದರೆ ಅದು ಹೀಗಿರುತ್ತದೆ: ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಗ್ರಾಮದಲ್ಲಿ ವಾಸವಾಗಿರುವಂತಹ ಬಹಳಷ್ಟು ವಿದ್ಯಾರ್ಥಿಗಳು ವಿದ್ಯಾಭ್ಯಾಸದ ನಿಮಿತ್ತ ಪ್ರತಿನಿತ್ಯ ನಂಜನಗೂಡು ಪಟ್ಟಣಕ್ಕೆ ಪ್ರಯಾಣ ಮಾಡುತ್ತಿದ್ದು, ಸಾರಿಗೆ ವ್ಯವಸ್ಥೆಯು ಸಮರ್ಪಕವಾಗಿ ಇಲ್ಲದೇ ಇರುವ ಕಾರಣದಿಂದಾಗಿ ತುಂಬಾ ತೊಂದರೆಯನ್ನು ಅನುಭವಿಸುವಂತಾಗಿದ್ದು, ಆದ್ದರಿಂದ ತಾವುಗಳು ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಈ ಮೂಲಕ ಕೇಳಿಕೊಳ್ಳುತ್ತೇವೆ.’ ವ್ಯಾಕರಣ ಸರಿಯಿದೆ, ವಿನಯವಿದೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬರಬಹುದು. ಆದರೆ ಘಟಕದ ವ್ಯವಸ್ಥಾಪಕರು ಇದನ್ನು ಓದಿ ಏನು ಮಾಡಬೇಕು? ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಷ್ಟು ಮಂದಿ, ಏನಾಗಬೇಕು, ಒಂದೂ ಇದರಲ್ಲಿಲ್ಲ.

ಆ ವಿದ್ಯಾರ್ಥಿಗಳಲ್ಲೇ ಒಬ್ಬ ಹುಡುಗ ಮನೆಗೆ ಬಂದು ಅವ್ವನ ಹತ್ತಿರ ‘ಬಸ್ಸು ಒಂಬತ್ತೂ ಮುಕ್ಕಾಲ್ಗ ಬತ್ತದ ಕಣವ್ವ, ಅಷ್ಟೊತ್ಗ ಒಂದ್ ಪಾಠನೇ ಸುರುವಾಗ್ಬುಟ್ಟಿರ್ತದ’ ಎನ್ನುತ್ತಾನೆ. ಮನವಿಗೆ ಬೇಕಾದ ಜೀವಾಳವೆಲ್ಲ ಆ ಒಂದು ಮಾತಿನಲ್ಲಿದೆ. ಅದನ್ನು ಹಿಡಿದುಕೊಂಡು ಬರೆದರೆ ಪತ್ರ ಹೀಗಾಗುತ್ತದೆ: ‘ನಮ್ಮೂರಿನಿಂದ ನಂಜನಗೂಡಿನ ಕಾಲೇಜಿಗೆ 40 ಮಂದಿ ಹೋಗುತ್ತೇವೆ. ತರಗತಿ 9.30ಕ್ಕೆ ಶುರುವಾಗುತ್ತದೆ. ಬೆಳಗಿನ ಬಸ್ಸು ನಮ್ಮೂರಿಗೆ ಬರುವುದು 9.45ಕ್ಕೆ. ಅದು 8.45ಕ್ಕೆ ಬಂದರೆ ಮೊದಲ ಪಾಠ ತಪ್ಪುವುದಿಲ್ಲ. ದಯವಿಟ್ಟು ಸಮಯ ಬದಲಿಸಿಕೊಡಬೇಕೆಂದು ಕೋರುತ್ತೇವೆ.’ ಪದಗಳ ಸಂಖ್ಯೆ ಕಡಿಮೆಯಾಗಿದೆ, ಮಾಹಿತಿ ಮಾತ್ರ ಹೆಚ್ಚಾಗಿದೆ. ಮೊದಲ ಪತ್ರವನ್ನು ಕೂತಲ್ಲೇ ಬರೆಯಬಹುದು. ಎರಡನೆಯದನ್ನು ಬರೆಯಬೇಕಾದರೆ ಎದ್ದು ಹೋಗಿ ಎಷ್ಟು ಮಂದಿ ಎಂದು ಎಣಿಸಬೇಕು, ಬಸ್ಸಿನ ಹೊತ್ತನ್ನು ಗುರುತು ಹಾಕಿಕೊಳ್ಳಬೇಕು, ನಮಗೆ ನಿಜಕ್ಕೂ ಏನಾಗಬೇಕು ಎಂದು ಗೆಳೆಯರೊಂದಿಗೆ ಕೂತು ತೀರ್ಮಾನಿಸಬೇಕು. ಉದ್ದುದ್ದ ಬರೆಯುವುದಕ್ಕೆ ಭಾಷೆಯ ಬಡತನ ಅಷ್ಟಾಗಿ ಕಾರಣವಲ್ಲ. ವಿಷಯ ಕೈಯಲ್ಲಿಲ್ಲದಾಗ, ಆ ಖಾಲಿತನವನ್ನು ಮುಚ್ಚಲು ‘ಸಂಬಂಧಿಸಿದಂತೆ’, ‘ಸಮರ್ಪಕ’, ‘ಸೂಕ್ತ’ ಎಂಬ ಪದಗಳು ಬರುತ್ತವೆ. ಇದನ್ನು ಬರೀ ಶೈಲಿಯ ಪ್ರಶ್ನೆಯೆಂದು ತಿಳಿದು ‘ಚಿಕ್ಕದಾಗಿ ಬರಿ’ ಎಂದಷ್ಟೇ ಹೇಳಿದರೆ ಮಗು ಖಾಲಿ ಪತ್ರವನ್ನೇ ಚಿಕ್ಕದು ಮಾಡಿ ಕೊಡುತ್ತದೆ.

ಈ ಧಾಟಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕರ್ನಾಟಕ ರಾಜಭಾಷಾ ಕಾಯಿದೆ 1963ರಲ್ಲಿ ಬಂದ ಮೇಲೆ ಆಡಳಿತಕ್ಕೆ ಕನ್ನಡ ಬಂತು, ಬರಬೇಕಾದದ್ದೇ. ಆದರೆ ಕಚೇರಿಯ ಕನ್ನಡ ಬಹುಮಟ್ಟಿಗೆ ಇಂಗ್ಲಿಷ್ ಆದೇಶಗಳ ನೆರಳಿನಲ್ಲಿ ಬೆಳೆಯಿತು. ‘ಈ ಮೂಲಕ’, ‘ಮೇಲ್ಕಂಡ’, ‘ಕ್ರಮ ಕೈಗೊಳ್ಳಲಾಗುವುದು’ ಎಂಬವು ಆ ನೆರಳಿನ ಗುರುತುಗಳು. ಅದಕ್ಕೂ ಹಿಂದೆ ಹೋದರೆ ನಮ್ಮ ನೆಲದಲ್ಲೇ ಇನ್ನೊಂದು ಬೇರು ಸಿಗುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ದಾನಶಾಸನಗಳ ಸಾಮಾನ್ಯ ರಚನೆ ಹೀಗೆ: ಮೊದಲು ಅರಸನ ಬಿರುದಾವಳಿ, ಒಂದರ ಮೇಲೊಂದು ಹೇರಿದ ವಿಶೇಷಣಗಳು; ಆಮೇಲೆ ಇದ್ದಕ್ಕಿದ್ದಂತೆ ಭಾಷೆ ನೆಲಕ್ಕಿಳಿಯುತ್ತದೆ. ಯಾವ ಊರಿನ ಯಾವ ಭೂಮಿ, ಮೂಡಣಕ್ಕೆ ಯಾವ ಕಲ್ಲು, ತೆಂಕಣಕ್ಕೆ ಯಾವ ಕೆರೆ, ಯಾರಿಗೆ ಕೊಟ್ಟದ್ದು ಎಂಬುದು ಗೊಂದಲಕ್ಕೆ ಎಡೆಯಿಲ್ಲದಂತೆ ಬರುತ್ತದೆ. ಎಲ್ಲೆ ತಪ್ಪಿದರೆ ಜಗಳವಾಗುತ್ತದೆ, ಅದಕ್ಕೇ ಅಲ್ಲಿ ಅಷ್ಟೊಂದು ಎಚ್ಚರ. ವೀರಗಲ್ಲುಗಳ ಬರಹವಂತೂ ಬಹಳ ಸಲ ಇನ್ನೂ ಚಿಕ್ಕದು: ದನ ಕದಿಯಲು ಬಂದವರ ಎದುರು ಹೋರಾಡಿ ಸತ್ತವನು ಯಾರು, ಕಲ್ಲು ನಿಲ್ಲಿಸಿದವರು ಯಾರು. ಒಂದು ಭಾಷೆ ದೊಡ್ಡವರನ್ನು ಮೆಚ್ಚಿಸುವುದಕ್ಕೆ, ಇನ್ನೊಂದು ಕೆಲಸ ನಡೆಯುವುದಕ್ಕೆ. ಎರಡೂ ಒಂದೇ ಕಲ್ಲಿನ ಮೇಲಿವೆ. ನಮ್ಮ ಶಾಲೆಗಳ ಪತ್ರಲೇಖನ ಬಿರುದಾವಳಿಯ ಭಾಗವನ್ನು ಎತ್ತಿಕೊಂಡು ಎಲ್ಲೆಗಲ್ಲಿನ ಭಾಗವನ್ನು ಬಿಟ್ಟಿತು.

ಇನ್ನು ವಾಕ್ಯದ ಮಟ್ಟಕ್ಕೆ ಬರೋಣ, ಏಕೆಂದರೆ ಕನ್ನಡಕ್ಕೆ ಇಲ್ಲಿ ಅದರದೇ ಆದ ಸಮಸ್ಯೆಯಿದೆ. ನಮ್ಮ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ಯಾರು ಏನು ಮಾಡಿದರು ಎಂಬುದು ಕೊನೆಯ ಪದ ಬರುವವರೆಗೆ ತಿಳಿಯುವುದಿಲ್ಲ; ಅಲ್ಲಿಯವರೆಗೆ ಓದುಗ ಎಲ್ಲವನ್ನೂ ನೆನಪಿನಲ್ಲಿ ಹಿಡಿದುಕೊಂಡಿರಬೇಕು. ಜೊತೆಗೆ ‘ಇದ್ದು’, ‘ಆಗಿದ್ದು’, ‘ಮಾಡುತ್ತಿದ್ದು’ ಎಂಬ ಕೊಂಡಿ ಹಾಕಿ ವಾಕ್ಯವನ್ನು ಎಷ್ಟು ದೂರ ಬೇಕಾದರೂ ಎಳೆಯಬಹುದು. ಇದಕ್ಕೆ ಇಂಗ್ಲಿಷಿನ ಮದ್ದು ಸರಿಹೋಗುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಸ್ಟ್ರಂಕ್ 1918ರಲ್ಲಿ ತನ್ನ ವಿದ್ಯಾರ್ಥಿಗಳಿಗಾಗಿ ಅಚ್ಚು ಹಾಕಿಸಿದ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಎಂಬ ಪುಟ್ಟ ಕೈಪಿಡಿ ಜಗತ್ತಿನಾದ್ಯಂತ ಹೆಸರಾಗಿದೆ. ಬೇಡದ ಪದ ತೆಗೆಯಿರಿ ಎಂಬ ಅದರ ಸಲಹೆ ಎಲ್ಲ ಭಾಷೆಗೂ ಒಪ್ಪುವಂಥದು. ಆದರೆ ಇಂಗ್ಲಿಷ್ ಕೈಪಿಡಿಗಳನ್ನು ನೋಡಿ ‘ವಾಕ್ಯ ಚಿಕ್ಕದಿರಲಿ’ ಎಂಬ ನಿಯಮವನ್ನು ಹಾಗೇ ತಂದರೆ ಕನ್ನಡ ಮುಗ್ಗರಿಸುತ್ತದೆ. ‘ಎದ್ದು, ಮುಖ ತೊಳೆದು, ಎರಡು ರೊಟ್ಟಿ ತಿಂದು ಹೊಲಕ್ಕೆ ಹೊರಟಳು’ ಎಂಬ ವಾಕ್ಯವನ್ನು ‘ಅವಳು ಎದ್ದಳು. ಅವಳು ಮುಖ ತೊಳೆದಳು. ಅವಳು ರೊಟ್ಟಿ ತಿಂದಳು’ ಎಂದು ಕತ್ತರಿಸಿದರೆ ಅದು ಚಿಕ್ಕದೂ ಆಗುವುದಿಲ್ಲ, ಕನ್ನಡವಾಗಿಯೂ ಉಳಿಯುವುದಿಲ್ಲ.

ಹಾಗಾದರೆ ಯಾವ ಸರಪಳಿ ಇರಬೇಕು, ಯಾವುದು ಮುರಿಯಬೇಕು? ಕೆಲಸ ಮಾಡುವವರು ಉದ್ದಕ್ಕೂ ಒಬ್ಬರೇ ಆಗಿದ್ದು, ಕೆಲಸಗಳು ನಡೆದ ಕ್ರಮದಲ್ಲೇ ಬಂದರೆ ವಾಕ್ಯ ಉದ್ದವಾದರೂ ಓದು ತೊಡರುವುದಿಲ್ಲ. ಮಾಡುವವರು ನಡುವೆ ಬದಲಾದರೆ ಅಲ್ಲೇ ಪೂರ್ಣವಿರಾಮ ಹಾಕಬೇಕು. ಬಸ್ಸಿನ ಪತ್ರದಲ್ಲಿ ವಿದ್ಯಾರ್ಥಿಗಳು ಪ್ರಯಾಣ ಮಾಡುತ್ತಿದ್ದರು, ನಡುವೆ ಸಾರಿಗೆ ವ್ಯವಸ್ಥೆ ಬಂತು, ಆಮೇಲೆ ‘ತಾವುಗಳು’ ಬಂದರು. ಮೂವರು ಕರ್ತೃಗಳು ಒಂದೇ ವಾಕ್ಯದಲ್ಲಿ ಸಿಕ್ಕಿಕೊಂಡರು. ಹೈಸ್ಕೂಲಿನ ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದ ಗೊತ್ತು, ಗುರುತಿಸಿ ಅಂಕವನ್ನೂ ಪಡೆಯುತ್ತಾರೆ. ಅದೇ ತಿಳಿವಳಿಕೆಯನ್ನು ತಮ್ಮದೇ ವಾಕ್ಯದ ಮೇಲೆ ಹಾಯಿಸಿ ‘ಇಲ್ಲಿ ಮಾಡುವವರು ಯಾರು’ ಎಂದು ಕೇಳಿಕೊಳ್ಳಲು ಯಾರೂ ಹೇಳಿಕೊಟ್ಟಿರುವುದಿಲ್ಲ. ವಿಜ್ಞಾನದ ಉತ್ತರದಲ್ಲೂ ಇದೇ ಕಥೆ. ‘ದ್ಯುತಿಸಂಶ್ಲೇಷಣೆ ಎಂಬುದು ಸಸ್ಯಗಳಲ್ಲಿ ನಡೆಯುವಂತಹ, ಆಹಾರ ತಯಾರಿಕೆಗೆ ಸಂಬಂಧಿಸಿದಂತಹ ಒಂದು ಪ್ರಮುಖವಾದ ಕ್ರಿಯೆಯಾಗಿರುತ್ತದೆ’ ಎಂದು ಬರೆದ ಮಗುವಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಹೇಳಲಾಗದು. ‘ಹಸಿರು ಸಸ್ಯಗಳು ಬೆಳಕಿನ ಶಕ್ತಿಯಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡನ್ನು ಬಳಸಿ ಆಹಾರ ತಯಾರಿಸಿಕೊಳ್ಳುತ್ತವೆ’ ಎಂದು ಬರೆದ ಮಗುವಿಗೆ ಗೊತ್ತಿದೆ. ‘ಅಂತಹ’, ‘ವಾದ’, ‘ಆಗಿರುತ್ತದೆ’ ಎಂಬ ಬಾಲಗಳು ಉದುರಿದ ಜಾಗದಲ್ಲಿ ಬೆಳಕು, ನೀರು, ಅನಿಲ ಬಂದು ಕೂತಿವೆ.

ಮಕ್ಕಳೂ ತಂದೆತಾಯಂದಿರೂ ಎತ್ತುವ ಮೊದಲ ಆಕ್ಷೇಪ ಅಂಕದ್ದು. ಪುಟ ತುಂಬಿದ್ದರೆ ಅಂಕ ಜಾಸ್ತಿ, ಚಿಕ್ಕದಾಗಿ ಬರೆದರೆ ಮೌಲ್ಯಮಾಪಕರು ಕಡಿಮೆ ಹಾಕುತ್ತಾರೆ ಎಂಬ ಭಯ. 625 ಅಂಕಗಳ ಎಸ್ಸೆಸ್ಸೆಲ್ಸಿಯಲ್ಲಿ 125 ಅಂಕ ಪ್ರಥಮ ಭಾಷೆಯದೇ ಆಗಿರುವಾಗ ಈ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಪ್ರಶ್ನೆಪತ್ರಿಕೆಯನ್ನೇ ಓದಿ ನೋಡಿ: ಒಂದು ವಾಕ್ಯದಲ್ಲಿ ಉತ್ತರಿಸಿ, ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ, ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ ಎಂದು ಅದು ಮಿತಿಯನ್ನು ತಾನೇ ಹಾಕುತ್ತದೆ. ಪರೀಕ್ಷಾ ಮಂಡಲಿ ಮಾದರಿ ಉತ್ತರಗಳನ್ನೂ ಕೊಡುತ್ತದೆ. ಮೌಲ್ಯಮಾಪಕರು ಹುಡುಕುವುದು ಅವುಗಳಲ್ಲಿರುವ ಅಂಶಗಳನ್ನು. ಗಡಿಯಾರ ನೋಡಿಕೊಂಡು ಕಟ್ಟುಗಟ್ಟಲೆ ಉತ್ತರಪತ್ರಿಕೆ ತಿದ್ದುವವರ ಕಣ್ಣಿಗೆ ಆ ಅಂಶ ಮೊದಲ ಸಾಲಿನಲ್ಲೇ ಸಿಗುವುದು ಒಳ್ಳೆಯದೋ, ಪೀಠಿಕೆಯ ಅಡಿಯಲ್ಲಿ ಹೂತಿರುವುದು ಒಳ್ಳೆಯದೋ? ಎಂಟು ವಾಕ್ಯ ಕೇಳಿದಲ್ಲಿ ಎಂಟನ್ನೂ ಬರೆಯಬೇಕು, ಆ ಎಂಟರಲ್ಲೂ ಒಂದೊಂದು ವಿಷಯವಿರಬೇಕು. ಮುಂದಿನ ಪರೀಕ್ಷೆಗಳು ಇದನ್ನು ನೇರವಾಗಿಯೇ ಕೇಳುತ್ತವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 300 ಅಂಕಗಳ ಭಾರತೀಯ ಭಾಷಾ ಪತ್ರಿಕೆಯಲ್ಲಿ ಕನ್ನಡ ತೆಗೆದುಕೊಂಡವರು ಕೊಟ್ಟ ಗದ್ಯಭಾಗವನ್ನು ಸಂಕ್ಷೇಪಿಸಿ ಬರೆಯಬೇಕು. ಹತ್ತನೇ ತರಗತಿಯಲ್ಲಿ ಚಿಕ್ಕದನ್ನು ಹಿಗ್ಗಿಸಲು ತರಬೇತಿ ಪಡೆದವರು ಇಪ್ಪತ್ತೈದರ ವಯಸ್ಸಿನಲ್ಲಿ ದೊಡ್ಡದನ್ನು ಕುಗ್ಗಿಸಲು ಕೂರುತ್ತಾರೆ, ನಡುವೆ ಯಾರೂ ಅದನ್ನು ಕಲಿಸಿರುವುದಿಲ್ಲ.

ಎರಡನೆಯ ಆಕ್ಷೇಪ ಸಾಹಿತ್ಯಪ್ರಿಯರದು, ಅದಕ್ಕೆ ತೂಕವಿದೆ. ಎಲ್ಲವನ್ನೂ ಹೀಗೆ ಒರೆಸಿ ತೊಳೆದರೆ ಕನ್ನಡದ ಸಿರಿ ಉಳಿಯುತ್ತದೆಯೇ? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಆ ಹರವು ಬೇಡವೇ? ಬೇಕು. ಮಲೆನಾಡಿನ ಅಷ್ಟೊಂದು ಬದುಕುಗಳನ್ನು ಹಿಡಿದಿಡಲು ಅಷ್ಟು ಪುಟಗಳೇ ಬೇಕಿದ್ದವು. ಅಲ್ಲಿ ಉದ್ದ ವಿಷಯದಿಂದ ಹುಟ್ಟಿದೆ. ಇತ್ತ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರನ್ನು ನೋಡಿ. ‘ದ್ಯಾವನೂರು’, ‘ಒಡಲಾಳ’, ‘ಕುಸುಮಬಾಲೆ’ ಈ ಮೂರನ್ನೂ ಒಟ್ಟಿಗೆ ಜೋಡಿಸಿದರೂ ಒಂದು ದೊಡ್ಡ ಕಾದಂಬರಿಯಷ್ಟು ದಪ್ಪವಾಗುವುದಿಲ್ಲ. ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಒಡಲಾಳ’ದಲ್ಲಿ ಸಾಕವ್ವನ ಹುಂಜ ಕಳೆದುಹೋಗುತ್ತದೆ, ಕದ್ದು ತಂದ ಕಡಲೆಕಾಯನ್ನು ಮನೆಮಂದಿಯೆಲ್ಲ ಕೂತು ತಿನ್ನುತ್ತಾರೆ, ಪೊಲೀಸರು ಬರುತ್ತಾರೆ. ಹಸಿವಿನ ಬಗ್ಗೆ, ಬಡತನದ ಬಗ್ಗೆ ಉಪನ್ಯಾಸವಿಲ್ಲ. ಕಡಲೆಕಾಯಿ ತಿನ್ನುವುದನ್ನು ನೋಡುತ್ತ ನೋಡುತ್ತ ಹಸಿವು ನಮಗೆ ತಟ್ಟುತ್ತದೆ. ಈ ಸೀಮೆಯ ಆಡುಮಾತು ಅಲ್ಲಿ ಹಾಗೇ ಬರುತ್ತದೆ. ಇದೇ ತಾಲ್ಲೂಕಿನ ಮಗುವಿಗೆ ‘ನಿನ್ನ ಮನೆಮಾತು ಬರಹಕ್ಕೆ ಅಡ್ಡಿ’ ಎಂದು ಹೇಳುವವರು ಆ ಪುಸ್ತಕಗಳನ್ನು ಒಮ್ಮೆ ತೆರೆಯಬೇಕು.

ಹಾಗೆಂದು ಮಕ್ಕಳು ಪರೀಕ್ಷೆಯಲ್ಲಿ ‘ಬತ್ತದ’ ಎಂದು ಬರೆಯಲಿ ಎನ್ನುತ್ತಿಲ್ಲ. ಶಿಷ್ಟ ಕನ್ನಡ ಕಲಿಯಲೇಬೇಕು. ಬೀದರಿನವರೂ ಕಾಸರಗೋಡಿನವರೂ ನಂಜನಗೂಡಿನವರು ಬರೆದದ್ದನ್ನು ಓದಬೇಕಲ್ಲ. ಮನೆಮಾತಿನಿಂದ ತೆಗೆದುಕೊಳ್ಳಬೇಕಾದದ್ದು ಅದರ ವಿಷಯದ ಜೋಡಣೆ: ಯಾವುದನ್ನು ಮೊದಲು ಹೇಳುತ್ತೇವೆ, ಎಲ್ಲಿ ನಿಲ್ಲಿಸುತ್ತೇವೆ, ಎದುರಿಗಿರುವವರಿಗೆ ಆಗಲೇ ಗೊತ್ತಿರುವ ಏನನ್ನು ಬಿಡುತ್ತೇವೆ. ವಿನಯ ಎಲ್ಲಿ ಹೋಯಿತು ಎಂದು ಕೇಳುವವರಿಗೂ ಇದೇ ಉತ್ತರ. ಕನ್ನಡದಲ್ಲಿ ಗೌರವ ಕ್ರಿಯಾಪದದ ಕೊನೆಯಲ್ಲೇ ಕೂತಿದೆ. ‘ಬದಲಿಸಿಕೊಡಿ’ ಎಂದರೆ ಸಾಕು, ಮರ್ಯಾದೆ ಅದರೊಳಗೇ ಬಂತು. ಅದಕ್ಕಾಗಿ ಮೂರು ಸಾಲಿನ ಪೀಠಿಕೆ ಬೇಕಾಗುವುದಿಲ್ಲ. ಓದುವವರ ಸಮಯ ಉಳಿಸುವುದೂ ಅವರಿಗೆ ತೋರಿಸುವ ಗೌರವವೇ.

ಕಲಿಸುವುದು ಹೇಗೆ ಎಂಬುದಕ್ಕೆ ಸ್ವಲ್ಪ ಗಟ್ಟಿ ಆಧಾರವಿದೆ. ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ ಎಂಬ ಸಂಶೋಧಕರು ಅಮೆರಿಕದಲ್ಲಿ 4ರಿಂದ 12ನೇ ತರಗತಿಯ ಮಕ್ಕಳ ಬರವಣಿಗೆಯ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2007ರಲ್ಲಿ ‘ರೈಟಿಂಗ್ ನೆಕ್ಸ್ಟ್’ ಎಂಬ ವರದಿ ಪ್ರಕಟಿಸಿದರು. ಯೋಜಿಸಿ, ಬರೆದು, ತಿದ್ದುವ ಕ್ರಮವನ್ನು ಹಂತಹಂತವಾಗಿ ಕಲಿಸುವುದು ಮತ್ತು ಓದಿದ್ದನ್ನು ಸಂಕ್ಷೇಪಿಸಲು ಕಲಿಸುವುದು, ಇವೆರಡೂ ಅವರ ಪಟ್ಟಿಯ ಮೇಲ್ಭಾಗದಲ್ಲಿದ್ದವು. ಬರವಣಿಗೆಯಿಂದ ಬೇರ್ಪಡಿಸಿ ಬರೀ ವ್ಯಾಕರಣ ಕಲಿಸಿದ್ದರಿಂದ ಬರಹ ಸುಧಾರಿಸಲಿಲ್ಲ. ಅದು ಇಂಗ್ಲಿಷಿನ ಮಕ್ಕಳ ಲೆಕ್ಕ, ಕನ್ನಡಕ್ಕೆ ಅದೇ ಪ್ರಮಾಣದಲ್ಲಿ ಅನ್ವಯಿಸುತ್ತದೆ ಎನ್ನಲಾಗದು. ಆದರೆ ತಿದ್ದದೆ ಬರಹ ತಿಳಿಯಾಗುವ ಭಾಷೆ ಯಾವುದೂ ಇಲ್ಲ. ನಮ್ಮ ಶಾಲೆಗಳಲ್ಲಿ ಮಗು ಒಮ್ಮೆ ಬರೆಯುತ್ತದೆ, ಮೇಷ್ಟ್ರು ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದುತ್ತಾರೆ, ನೋಟ್ಸು ವಾಪಸ್ಸು ಬರುತ್ತದೆ. ತಿದ್ದುವ ಕೆಲಸ ಮಗುವಿನ ಕೈಗೆ ಹೋಗುವುದೇ ಇಲ್ಲ.

ತರಗತಿಯಲ್ಲಿ 50 ಮಕ್ಕಳಿದ್ದರೆ ಎರಡೆರಡು ಸಲ ತಿದ್ದುವುದು ಯಾರಿಂದಾಗುತ್ತದೆ ಎಂದು ಶಿಕ್ಷಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಎರಡನೆಯ ಸಲ ಶಿಕ್ಷಕರು ತಿದ್ದಬೇಕಾಗಿಲ್ಲ. ಪಕ್ಕದಲ್ಲಿ ಕೂತ ಗೆಳತಿಗೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಲಿ. ಕೇಳಿದವಳು ಹಾಳೆ ನೋಡದೆ ‘ಇವರಿಗೆ ಏನಾಗಬೇಕಂತೆ’ ಎಂಬುದಕ್ಕೆ ಉತ್ತರ ಹೇಳಲಿ. ಹೇಳಲಾಗದಿದ್ದರೆ ತಪ್ಪು ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಯಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 25 ಅಂಕಗಳಿವೆ. ಅದರಲ್ಲಿ ಒಂದು ಪಾಲನ್ನು ಒಂದೇ ಬರಹದ ಮೊದಲ ಪ್ರತಿ ಮತ್ತು ತಿದ್ದಿದ ಪ್ರತಿ ಎರಡನ್ನೂ ಅಂಟಿಸಿ ತಂದವರಿಗೆ ಕೊಡಬಹುದು. ಮೊಬೈಲಿನಲ್ಲಿ ಕೇಳಿದರೆ ಪತ್ರ ತಾನೇ ಸಿದ್ಧವಾಗಿ ಬರುವ ಈ ಕಾಲದಲ್ಲಿ ಇದೆಲ್ಲ ಏಕೆ ಎನ್ನುವವರಿದ್ದಾರೆ. ಯಂತ್ರ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ತಪ್ಪಿಲ್ಲದೆ ಬರೆದುಕೊಡುತ್ತದೆ, ನಿಜ. ಬಸ್ಸು 9.45ಕ್ಕೆ ಬರುತ್ತದೆ ಎಂಬುದು ಮಾತ್ರ ರಸ್ತೆಯ ಪಕ್ಕ ನಿಂತ ಹುಡುಗನಿಗಷ್ಟೇ ಗೊತ್ತು.

ಓದುವವರು ನಿಜವಾಗಿಯೂ ಎದುರಿಗಿದ್ದಾಗ ಬರಹ ತಾನಾಗಿ ನೆಟ್ಟಗಾಗುತ್ತದೆ ಎಂಬುದಕ್ಕೆ ಮೈಸೂರು ಸೀಮೆಯಲ್ಲೇ ಹಳೆಯ ನಿದರ್ಶನವಿದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಮಾತುಗಳೇ ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಬಂದವು. ಜಗಲಿಯಲ್ಲಿ ಕೂತು ಕೇಳುವ ರೈತರಿಗೆ ಅರ್ಥವಾಗಬೇಕೆಂಬ ಒತ್ತಾಯವೇ ಆ ಗದ್ಯವನ್ನು ತಿಳಿಗೊಳಿಸಿತು. ನಮ್ಮ ಮಕ್ಕಳಿಗೂ ಅಂಥ ಓದುಗರಿದ್ದಾರೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕೆಂಬ ನಿಯಮ ಕರ್ನಾಟಕದಲ್ಲಿದೆ. ಮಕ್ಕಳು ಅಲ್ಲಿ ತಮ್ಮ ಬೇಡಿಕೆಗಳನ್ನು ಬರೆದು ಕೊಡಬಹುದು, ಅಧ್ಯಕ್ಷರೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೂ (ಪಿಡಿಒ) ಎದುರಿಗೇ ಕೂತಿರುತ್ತಾರೆ. ‘ನಮ್ಮ ಶಾಲೆಯಲ್ಲಿ ಮೂಲಸೌಕರ್ಯಗಳ ಕೊರತೆಯಿರುತ್ತದೆ’ ಎಂದು ಬರೆದುಕೊಟ್ಟರೆ ಅದಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರವೇ ಬರುತ್ತದೆ, ಬೇರೆ ಉತ್ತರಕ್ಕೆ ಅಲ್ಲಿ ಆಸ್ಪದವಿಲ್ಲ. ‘ಹುಡುಗಿಯರ ಶೌಚಾಲಯದ ಎರಡು ಬಾಗಿಲಿಗೆ ಚಿಲಕವಿಲ್ಲ. ನಲ್ಲಿಯಲ್ಲಿ ಮಧ್ಯಾಹ್ನದ ಮೇಲೆ ನೀರು ಬರುವುದಿಲ್ಲ. ದಸರಾ ರಜೆಯೊಳಗೆ ಇವೆರಡನ್ನೂ ಸರಿಪಡಿಸಿಕೊಡಿ’ ಎಂದು ಬರೆದರೆ ಪಿಡಿಒ ಅದನ್ನು ಕ್ರಿಯಾಯೋಜನೆಗೆ ಸೇರಿಸಬೇಕು, ಇಲ್ಲವೇ ಏಕೆ ಸೇರಿಸುವುದಿಲ್ಲ ಎಂದು ಎದ್ದು ನಿಂತು ಹೇಳಬೇಕು. ನಡಾವಳಿ ಪುಸ್ತಕದಲ್ಲಿ ಎರಡು ಚಿಲಕ, ಒಂದು ನಲ್ಲಿ ಎಂದು ದಾಖಲಾದರೆ, ಮುಂದಿನ ವರ್ಷದ ಸಭೆಯಲ್ಲಿ ಅದೇ ಹುಡುಗಿಯರು ಆ ಪುಟ ತೆಗೆಸಿ ಕೇಳಬಹುದು.